ಗೋದಾಮಿನ ಬಾಗಿಲು

ಹಳೆಯ ಹಮಾಲ ನೂರಸಾಬ ಮಂಡಿಯೂರಿ ಚಟ್ಟದ ಕೊನೆಯ ಗಂಟು ಬಿಗಿಯುತ್ತಿದ್ದಾಗಲೇ ಫಂಕ್ಷನ್ ಹಾಲ್‌ನ ಮ್ಯಾನೇಜರ್ ವಿರುಪಾಕ್ಷಿ ದೊಡ್ಡ ಗುಲಾಬಿ ಹಾರ ಹಿಡಿದು ಅಂಗಳಕ್ಕೆ ಬಂದ. ಹಾರವನ್ನು ಯಮನೂರಪ್ಪನ ಎದೆಯ ಮೇಲಿಟ್ಟು ಕೈಮುಗಿದ. ಆಮೇಲೆ ಸೀದಾ ಬಂದು ಸತ್ತವನ ಹೆಂಡತಿ ಹಂಪವ್ವನ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಅವ್ವಾರ, ಒಂದ್ ಮಾತ್ರಿ. ಇವತ್ತ ಹಾಲ್‌ನ್ಯಾಗ ನಿಶ್ಚಿತಾರ್ಥ ಐತಿ. ಬಳ್ಳಾರಿ ಕಡಿ ದೊಡ್ಡ ಮಂದಿ. ಹೆಣಾನ ಹಿಂದಿನ ಓಣಿಯಿಂದ ಒಯ್ದ್ರ ಛಲೋ ಇರ್ತಿತ್ರಿ."

"ಹೆಣ ಅನಬ್ಯಾಡ ತಮ್ಮಾ. ಅವರಿಗೊಂದು ಹೆಸರೈತಿ," ಎಂದಳು ಹಂಪವ್ವ. "ಅದಿರ್ಲಿ, ಬಾಗಲಾ ಯಾವಾಗ ಹಾಕಸ್ತಿ?"

"ಯಾವ ಬಾಗಲ್ರಿ?"

ಪಾಪ, ಅವನಿಗೆ ಹೇಗೆ ಗೊತ್ತಿರಬೇಕು! ಗಂಗಾವತಿಯ ಆ ಕಲ್ಲುಗೋದಾಮಿನಲ್ಲಿ ಯಮನೂರಪ್ಪ ನಲವತ್ತೊಂದು ವರ್ಷ ಭತ್ತದ ಚೀಲ ಹೊತ್ತಿದ್ದ. ಅಲ್ಲಿ ಒಂದೇ ಒಂದು ರಿವಾಜು ಯಾರೂ ಮುರಿದಿರಲಿಲ್ಲ: ಗೋದಾಮಿನ ಹಮಾಲ ಸತ್ತರೆ ಮಣ್ಣಾಗುವವರೆಗೆ ದೊಡ್ಡ ಬಾಗಿಲು ಹಾಕಬೇಕು. ಸುಗ್ಗಿಯಲ್ಲಿ ಮೂವತ್ತು ಲಾರಿ ಸಾಲುಗಟ್ಟಿ ನಿಂತಿದ್ದ ದಿನವೂ ಸಾಹುಕಾರ ತುಟಿ ಪಿಟ್ಟೆನ್ನದೆ ಹಾಕಿಸಿದ್ದ. ಆಮೇಲೆ ಗೋದಾಮು ಪಾಳುಬಿತ್ತು, ಬಾವಲಿಗಳ ಪಾಲಾಯಿತು. ಆರು ವರ್ಷದ ಕೆಳಗೆ ಯಾರೋ ಕಂಪನಿಯವರು ಕೊಂಡು, ಹಳೆಯ ಕಲ್ಲು, ಹಳೆಯ ತೇಗದ ತೊಲೆಗಳನ್ನೇ ಇಟ್ಟು, ಸುಣ್ಣದ ಗಾರೆ ಬಳಿದು, ಮೇಲೆ ಸೋಲಾರ್ ಕೂರಿಸಿ, ಎಸಿ ಇಲ್ಲದೆಯೂ ತಣ್ಣಗಿರುವ ಫಂಕ್ಷನ್ ಹಾಲ್ ಮಾಡಿದರು. ಒಂದು ಕಲ್ಲನ್ನೂ ಎಸೆದಿಲ್ಲವೆಂದು ಬೋರ್ಡು ಹಾಕಿಕೊಂಡರು. ಯಮನೂರಪ್ಪನನ್ನೂ ಎಸೆಯಲಿಲ್ಲ, ಕೆಂಪು ರುಮಾಲು ಸುತ್ತಿ ಬಾಗಿಲಲ್ಲಿ ನಿಲ್ಲಿಸಿದರು.

ನೂರಸಾಬ ರಿವಾಜು ಬಿಡಿಸಿ ಹೇಳಿದ. ವಿರುಪಾಕ್ಷಿ ತಲೆ ಕೆರೆದುಕೊಂಡ. "ಈಗದು ಗೋದಾಮಲ್ರಿ ಕಾಕಾ, ಫಂಕ್ಷನ್ ಹಾಲ್."

"ಕಲ್ಲು ಅವೇ, ತೊಲಿ ಅವೇ, ಹೊತ್ತವರೂ ಇವರ," ಎಂದಳು ಹಂಪವ್ವ. "ಮುಂದಿನ ರಸ್ತೆದಾಗ ಬರ್ತೀವಿ. ಬಾಗಲಾ ಹಾಕಸು, ಹೋಗು."

*

ಎರಡು ವರ್ಷದ ಕೆಳಗೆ ಇದೇ ವಿರುಪಾಕ್ಷಿ ಯಮನೂರಪ್ಪನ ಮುಂದೆ ಒಂದು ಚೀಲ ತಂದಿಟ್ಟಿದ್ದ. ಒಳಗೆ ಬರೀ ಹೊಟ್ಟು. ಮದುವೆಯ ಮಂದಿ ಬಂದಾಗ ಬೆನ್ನಿಗೇರಿಸಿ ಒಂದು ಸುತ್ತು ತಿರುಗಿದರೆ ಫೋಟೋ ಚೆನ್ನಾಗಿ ಬರುತ್ತದಂತೆ.

"ಹುಸಿ ಚೀಲಕ್ಕ ನಾ ಬೆನ್ನ ಬಗ್ಗಸಂಗಿಲ್ಲ," ಎಂದು ಯಮನೂರಪ್ಪ ಮನೆಗೆ ಬಂದು ಉಣ್ಣದೆ ಕೂತ. ಮಾರನೆಯ ಮದುವೆಗೆ ಸಿದ್ದಾಪುರದಿಂದ ಬಂದ ಹೊಸ ಭತ್ತ ತುಂಬಿಸಿ, ಎಪ್ಪತ್ತೈದು ಕಿಲೋದ ಚೀಲವನ್ನು ನೂರಸಾಬನಿಂದ ಬೆನ್ನಿಗೆ ಎತ್ತಿಸಿಕೊಂಡ. ಆಗ ಅವನಿಗೆ ಅರವತ್ತೆಂಟು. ಹಾಲ್‌ನ ನಡುವೆ ಹಾದು, ಮದುಮಕ್ಕಳನ್ನು ದಾಟಿ, ವಿರುಪಾಕ್ಷಿಯ ಬೂಟಿನ ಮುಂದೆ ಧೊಪ್ಪನೆ ಇಳಿಸಿದ.

"ಇದಕ್ಕ ಚೀಲ ಅಂತಾರ. ಈಗ ತಗಿ ಫೋಟೋ."

ಎಂಟು ದಿನ ಸೊಂಟ ನೆಟ್ಟಗಾಗಲಿಲ್ಲ. ಹಂಪವ್ವ ಎಣ್ಣೆ ತಿಕ್ಕುತ್ತಲೇ ಬಾಯಿಗೆ ಬಂದಂತೆ ಬೈದಳು. ಬೈಯುವಾಗಲೂ ಒಳಗೊಳಗೆ ಹೆಮ್ಮೆಯಿಂದ ಉಬ್ಬಿದ್ದಳು.

*

ಹಾಲ್‌ನ ಮುಂದೆ ಮೆರವಣಿಗೆ ಬರುತ್ತಲೇ ಹಲಗೆ ವಾದ್ಯದ ಬಡಿತ ನಿಂತಿತು. ಹಳೆಯ ಹಮಾಲರು ಚಟ್ಟ ಇಳಿಸಿದರು. ಒಳಗೆ ಸಿನಿಮಾ ಹಾಡು. ಬಾಗಿಲು ಹಾರುಹೊಡೆದಿತ್ತು.

ವಿರುಪಾಕ್ಷಿ ಬೆವರುತ್ತ ಓಡಿಬಂದ. "ದೇವರಾಣಿ ಅವ್ವಾರ, ಹಾಕೋಣಂದ್ರೂ ಹಾಕಾಕ ಬರೂದಿಲ್ರಿ. ಫೋಟೋಕ್ಕ ಚಂದ ಕಾಣ್ಲಿ ಅಂತ ಗ್ವಾಡಿಗೆ ಬೋಲ್ಟ್ ಹೊಡದಾರ."

ನೂರಸಾಬ ಹೆಗಲು ಕೊಟ್ಟು ನೂಕಿದ. ಇನ್ನಿಬ್ಬರು ಕೂಡಿದರು. ಪಾಲಿಶ್ ಹಚ್ಚಿದ ಆ ತೇಗದ ಬಾಗಿಲು ಜಪ್ಪಯ್ಯ ಎನ್ನಲಿಲ್ಲ. "ನಡೀರಿ, ಹೊತ್ತಾಕ್ಕೈತಿ," ಎಂದ ಒಬ್ಬ ಮುದುಕ.

ಹಂಪವ್ವನಿಗೆ ಮೈಯೆಲ್ಲ ಉರಿದುಹೋಯಿತು. ನಲವತ್ತೊಂದು ವರ್ಷ ಬೆನ್ನು ಸವೆಸಿದವನಿಗೆ ಇವರ ಹತ್ತಿರ ಮುಚ್ಚುವುದಕ್ಕೊಂದು ಬಾಗಿಲೂ ಇಲ್ಲ!

"ಬಾಗಲಾ ಇಲ್ಲಂದ್ರ ನೀವು ನಿಂದರ್ರಿ," ಎಂದಳು ಹಮಾಲರಿಗೆ. "ಹೆಗಲಿಗೆ ಹೆಗಲ ಹಚ್ರಿ. ಮಣ್ಣಾಗೂತನಕ ಒಬ್ರೂ ಇಲ್ಲಿಂದ ದಾಟಬಾರ್ದು."

"ಮಂದಿ ಹೆಂಗ್ ಹೊರಗ ಬರ್ಬೇಕ್ರಿ?" ವಿರುಪಾಕ್ಷಿ ಅಳುವಂತಾದ.

"ಹಿಂದಿನ ಓಣಿ ಐತಲ್ಲ."

ಒಂಬತ್ತು ಮುದುಕರು ಹೊಸ್ತಿಲಿನುದ್ದಕ್ಕೂ ಸಾಲಾಗಿ ನಿಂತರು, ನಡುವೆ ನೂರಸಾಬ. ಒಳಗೆ ಹಾಡು ನಿಂತಿತು. ರೇಷ್ಮೆ ಸೀರೆಯವರು ಬಂದು ಆ ಹೆಗಲುಗಳ ಸಂದಿಯಲ್ಲಿ ಇಣುಕಿದರು. ಆಗ ನೂರಸಾಬನಿಗೆ ಹೊಳೆಯಿತು.

"ವೈನಿ, ನಾವಿಲ್ಲಿ ನಿಂತ್ರ ಅಣ್ಣನ್ನ ಹೊರಾವ್ರು ಯಾರು?"

ಹಂಪವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾ ಅದೀನಿ."

ಮಗಳು ರೇಣುಕಾ ಬಂದು ಎದುರಿಗೆ ನಿಂತಳು. ಗೋದಾಮಿನಲ್ಲಿ ಚೆಲ್ಲಿದ ಭತ್ತ ಗುಡಿಸಿ, ಕೇರಿ, ಹೊತ್ತು ಮುದುಕಿಯಾದ ದ್ರಾಕ್ಷಾಯಿಣಿ ಬಂದಳು.

"ಹೆಂಗಸ್ರು ಹೆಗಲ ಕೊಡಬಾರ್ದವಾ," ಎಂದ ಓಣಿಯ ಹಿರಿಯ.

"ಮೂವತ್ತು ವರ್ಷ ಚೀಲ ಹೊರುವಾಗ ಯಾವ ಹಿರ್ಯಾನೂ ಬ್ಯಾಡ ಅಂದಿಲ್ಲ. ಸರೀರಿ," ಎಂದಳು ದ್ರಾಕ್ಷಾಯಿಣಿ.

ನಾಲ್ಕನೆಯ ಮೂಲೆಗೆ ನೂರಸಾಬನ ಹೆಂಡತಿ ಚಾಂದಬೀ ಬಂದಳು. ನಾಲ್ವರೂ ಒಮ್ಮೆಲೇ ಎತ್ತಿದರು. ಚಾಂದಬೀ ಗಿಡ್ಡಿ, ಅವಳ ಮೂಲೆ ತಗ್ಗಿ ಚಟ್ಟ ವಾಲಿತು. ಅವಳು ತಲೆಯ ಮೇಲಿನ ಸೆರಗನ್ನು ಒಂದೇ ಕೈಯಲ್ಲಿ ಎಳೆದು ಸುತ್ತಿ, ಸಿಂಬಿ ಮಾಡಿ ಹೆಗಲಿನ ಮೇಲಿಟ್ಟು, ಬಿದಿರನ್ನು ಅದರ ಮೇಲೆ ಕೂರಿಸಿಕೊಂಡಳು. ಚಟ್ಟ ಸಮವಾಯಿತು. ಎದುರಿಗೆ ಬಂದ ಲಾರಿ ಪಕ್ಕಕ್ಕೆ ಸರಿದು ನಿಂತಿತು. ನಾಲ್ವರು ನಡುರಸ್ತೆಯಲ್ಲೇ ನಡೆದರು.