ಹೊಹೆಪಣ್ಣನ ಎದುರು ಆ ಹೆಸರು

ನಮ್ಮಣ್ಣ ಹೊಹೆಪ ಮೂವತ್ತೆಂಟು ವರ್ಷ ನಮ್ಮ ಬ್ಲಫ್ ಊರಿನೆದುರಿನ ಅಲ್ಯುಮಿನಿಯಂ ಕಾರ್ಖಾನೆಯಲ್ಲಿ ಕುಲುಮೆಯಿಂದ ಕರಗಿದ ಲೋಹ ತೆಗೆದವನು. ಅದರಲ್ಲಿ ಇಪ್ಪತ್ತು ವರ್ಷ ಅವನ ನೆತ್ತಿಯ ಮೇಲೆ ಕ್ರೇನು ನಡೆಸಿದವಳು ನಾನು, ವಿಕಿ. ಒಂದು ತೊಟ್ಟು ನೆಲಕ್ಕೆ ಬಿದ್ದಿಲ್ಲ. ಜಂಬ ಅಂದ್ಕೊಂಡರೆ ಅಂದ್ಕೊಳ್ಳಿ, ಇದು ಜಂಬವೇ.

ಇಂಥವನು ತನ್ನ ಬೀಳ್ಕೊಡುಗೆಯಿಂದಲೇ ಎದ್ದು ಹೋಗ್ತೀನಿ ಅಂತ ಕೂತ. ಕಾರಣ ವೆಂಡೆಲ್, ಅಮೆರಿಕದ ಟೆನೆಸಿಯಿಂದ ಬಂದ ಹೊಸ ಮೇಲ್ವಿಚಾರಕ. ಕೆಲಸ ಬಲ್ಲವನು, ತಕರಾರಿಲ್ಲ. ಆದರೆ ಬಾಯಿ ಬಿಟ್ಟರೆ 'ಅಲೂಮಿನಂ'.

"ಅಲ್ಯುಮಿನಿಯಂ ಕಣಯ್ಯಾ. ಮಧ್ಯದ 'ನಿ' ಏನಾಯ್ತು, ಬರುವಾಗ ಸಮುದ್ರಕ್ಕೆ ಬಿತ್ತಾ?" ಅಂತ ಚಹಾ ಕೋಣೆಯಲ್ಲಿ ಕೆಣಕಿದ ಅಣ್ಣ.

"ನಿಮಗೆ ಉಸಿರು ಜಾಸ್ತಿ ಹೊಹೆಪ, ಒಂದಕ್ಷರ ಸುಮ್ನೆ ಸೇರಿಸ್ಕೊಂಡಿದ್ದೀರಿ."

"ನಮ್ಮೂರಲ್ಲಿ ನಾವು ಹೇಳಿದ್ದೇ ಹೆಸರು."

"ನಮ್ಮಪ್ಪನೂ ಹಂಗೇ ಅಂತಿದ್ರು, ಅವರ ಊರಲ್ಲಿ."

ಮೂರು ವಾರ ಇದೇ ರಾಮಾಯಣ. ತಮಾಷೆ ಏನಂದರೆ, ಕುಲುಮೆಯ ಮುಂದೆ ಇಬ್ಬರೂ ಆ ಹೆಸರು ಎತ್ತುತ್ತಿರಲಿಲ್ಲ. ಅಲ್ಲಿ ಎಲ್ಲರಿಗೂ ಅದು ಬರೀ 'ಮೆಟಲ್'. ಮೆಟಲ್ ಬರ್ತಿದೆ, ಪಕ್ಕಕ್ಕೆ ಸರೀರಿ, ಅಷ್ಟೇ. ಹೆಸರಿಗೆ ಜಗಳಾಡಕ್ಕೆ ಪುರುಸೊತ್ತು ಬೇಕಲ್ಲ, ಅದು ಸಿಗೋದು ಚಹಾ ಕೋಣೆಯಲ್ಲೇ.

ಆಮೇಲೆ ಗೊತ್ತಾಯಿತು, ಬೀಳ್ಕೊಡುಗೆಯ ಭಾಷಣ ವೆಂಡೆಲ್‌ನದೇ ಅಂತ.

"ಲೇ ತಂಗಿ, ಆ ಮಾತು ನನ್ನ ಕಿವಿಗೆ ಬಿತ್ತೋ, ಟೋಪಿ ತಗೊಂಡು ಹೊರಟೆ," ಅಂದ ಅಣ್ಣ.

ಹೇಳಿದ್ದನ್ನು ಮಾಡೋ ಜಾತಿ ಅವನು. ಮೂವತ್ತೆಂಟು ವರ್ಷ ದುಡಿದವನ ಖಾಲಿ ಕುರ್ಚಿಗೆ ನಾವು ಚಪ್ಪಾಳೆ ತಟ್ಟಬೇಕಾ? ವೆಂಡೆಲ್‌ನನ್ನು ಹಿಡಿದು ನಿಲ್ಲಿಸಿ, "ಬರೀ ಮೆಟಲ್ ಅಂದ್ಬಿಡಪ್ಪ, ನಿನ್ನ ಗಂಟೇನು ಹೋಗುತ್ತೆ?" ಅಂದೆ. "ನೋಡೋಣ ಆಂಟಿ," ಅಂದ. ನೋಡೋಣ ಅಂದವರು ಮಾಡಿದ್ದುಂಟಾ?

ಆ ದಿನ ಊರಿನ ಹಾಲ್ ತುಂಬಿತ್ತು. ಉಪ್ಪು ಹಾಕಿಟ್ಟಿದ್ದ ತೀತೀ ಅನ್ನೋ ನಮ್ಮ ಕಡಲ ಹಕ್ಕಿಯ ಮಾಂಸವನ್ನ ಆಲೂಗಡ್ಡೆ ಜೊತೆ ಬೇಯಿಸಿಟ್ಟಿದ್ದೆ, ಅಣ್ಣನಿಗೆ ಅದಿಲ್ಲದೆ ಹಬ್ಬವಿಲ್ಲ. ವೆಂಡೆಲ್ ಎದ್ದು ನಿಂತ, ಬರೆದು ತಂದಿದ್ದ ಕಾಗದ ಮಡಚಿ ಜೇಬಿಗಿಟ್ಟ.

"ನಮ್ಮಪ್ಪ ಇದೇ ಕೆಲಸದಲ್ಲಿ ಕೈ ಸುಟ್ಕೊಂಡು ನಮ್ಮನ್ನ ಸಾಕಿದರು. ಅವರು ಕಲಿಸಿದ ಹೆಸರು ಅಲೂಮಿನಂ. ಅದನ್ನ ಬಿಟ್ಟರೆ ಅವರನ್ನೇ ಬಿಟ್ಟ ಹಾಗೆ. ಬಿಡಲ್ಲ."

ಅಣ್ಣ ಟೋಪಿ ತಗೊಂಡು ಎದ್ದ. ನಾನು ಅವನ ತೋಳು ಹಿಡಿದೆ, ಕೊಡವಿಕೊಂಡ.

ವೆಂಡೆಲ್ ಅವನನ್ನೇ ನೋಡುತ್ತಾ ಹೇಳಿದ, "ಅಲೂಮಿನಂ ತೆಗೆಯೋದರಲ್ಲಿ ನಮ್ಮಪ್ಪನ್ನ ಮೀರಿಸಿದವರಿಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದೆ. ಹೊಹೆಪ, ನಿಮ್ಮ ಕೆಲಸ ನೋಡಿದ ಮೇಲೆ ಆ ಮಾತು ನಿಲ್ಲಿಸಿದೆ."

ಅಣ್ಣ ನಿಂತೇ ಇದ್ದ.

"ನಿಮ್ಮಪ್ಪನ ಹೆಸರೇನು?" ಅಂದ.

"ಹಾರ್ಲನ್."

"ಹಾರ್ಲನ್‌ಗೆ ಆ ಹೆಸರು ಕಲಿಸಿದವನು ಯಾವನೋ ದಡ್ಡ. ಆದರೆ ಮಗನ್ನ ಹಾರ್ಲನ್ ನೆಟ್ಟಗೆ ಬೆಳೆಸಿದ್ದಾನೆ," ಅಂತ ಹೇಳಿ ಕೂತ. ಟೋಪಿ ನನ್ನ ಮಡಿಲಿಗೆ ಹಾಕಿದ.

ಉತ್ತರ ಹೇಳಕ್ಕೆ ಎದ್ದಾಗ ಅಲ್ಯುಮಿನಿಯಂ, ಅಲ್ಯುಮಿನಿಯಂ ಅಂತ ಹನ್ನೊಂದು ಸಲ ಅಂದ, ಒಂದೊಂದು ಅಕ್ಷರವನ್ನೂ ಒತ್ತಿ. ಪ್ರತಿ ಸಲವೂ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ವೆಂಡೆಲ್.