ಡಚ್ಚು ಪಾಲಯ್ಯನ ಸೌಟು

ದೇವಸಮುದ್ರದ ಹಟ್ಟಿಯಲ್ಲಿ ದೊಡ್ಡಪಾಲಯ್ಯ ಒಗ್ಗರಣೆ ಹಾಕಿದರೆ ಮೊಳಕಾಲ್ಮೂರಿನಲ್ಲಿ ಸೀರೆ ನೇಯುವವರು ಮಗ್ಗದ ಮುಂದೆ ಕೂತಲ್ಲೇ ಸೀನುತ್ತಿದ್ದರು. ಚಳ್ಳಕೆರೆಯ ಎಣ್ಣೆ ಮಿಲ್ಲಿನವರು ಗಾಳಿ ಮೂಸಿ, ಇವತ್ತು ಯಾರ ಮನೆ ಮದುವೆ ಎಂದು ಲಗ್ನಪತ್ರಿಕೆ ನೋಡದೆ ಹೇಳುತ್ತಿದ್ದರು. ಒಂದು ಸಲ ರಾಯದುರ್ಗಕ್ಕೆ ಹೊರಟ ಬಸ್ಸು ಅವನ ಬಾಡಿನ ಸಾರು ಕುದಿಯುವ ಹೊತ್ತಿಗೆ ಡ್ರೈವರನ ಮಾತು ಕೇಳದೆ ಹಟ್ಟಿಯತ್ತ ತಿರುಗಿ, ಚಪ್ಪರದ ಮುಂದೆ ಬಂದು ನಿಂತುಬಿಟ್ಟಿತು. ಐವತ್ತೆರಡು ಪ್ರಯಾಣಿಕರು ಉಂಡರು. ಕಂಡಕ್ಟರು ಎರಡು ಪಂಕ್ತಿಯಲ್ಲಿ ಉಂಡ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಅನುಮಾನ ಇದ್ದವರು ಬಸ್ಸನ್ನೇ ಕೇಳಬಹುದು.

ಇಂಥ ಕೈಗಿಂತಲೂ ದೊಡ್ಡದು ಪಾಲಯ್ಯನ ಬಾಯಿ. ಅವನ ಮುತ್ತಜ್ಜನ ಅಜ್ಜ ಹನ್ನೆರಡು ಸಾವಿರ ಕುರಿ ಹೊಡೆದುಕೊಂಡು ಪೂರ್ವದ ಸಮುದ್ರದವರೆಗೆ ನಡೆದನಂತೆ. ಅಲ್ಲಿ ಪುಲಿಕಾಟ್ ಎಂಬ ಊರಲ್ಲಿ ಕೋಟೆ ಕಟ್ಟಿಕೊಂಡಿದ್ದ ಡಚ್ಚು ದೊರೆಗಳಿಗೆ ಒಂದು ಬಿಟ್ಟು ಅಷ್ಟನ್ನೂ ಮಾರಿ, ಉಳಿದ ಆ ಕುರಿಯನ್ನು ದಡದಲ್ಲಿ ಬೇಯಿಸುತ್ತಿದ್ದಾಗ, ಆ ಗಮಲಿಗೆ ದೊರೆ ಕೋಟೆ ಗೋಡೆ ಹಾರಿ ಬಂದನಂತೆ. ಅವತ್ತಿನಿಂದ ಇಪ್ಪತ್ತು ವರ್ಷ ಆ ಕೋಟೆಯ ಅಡುಗೆಮನೆಗೆ ಹಟ್ಟಿಯವನೇ ಯಜಮಾನ. ಪುಲಿಕಾಟ್ ಎಂಬ ಹೆಸರನ್ನು ಪಾಲಯ್ಯ ಕೇಳಿದ್ದು ಚಳ್ಳಕೆರೆಯಲ್ಲಿ, ಹಿಂಡಿ ಗೋದಾಮಿನ ನೆರಳಲ್ಲಿ ಬೀಡಿ ಸೇದುತ್ತ ಕೂತಿದ್ದ ಒಬ್ಬ ಲಾರಿ ಕ್ಲೀನರನ ಬಾಯಲ್ಲಿ ಎನ್ನುವುದು ಅವನೊಬ್ಬನಿಗೆ ಗೊತ್ತಿತ್ತು, ಅವನೂ ಮರೆತಿದ್ದ. ನಲವತ್ತು ವರ್ಷ ಹೇಳಿ ಹೇಳಿ ಡಚ್ಚು ಪಾಲಯ್ಯ ಎಂಬ ಹೆಸರೇ ನಿಂತಿತ್ತು.

ಅವನಿಗೆ ಆ ಹೆಸರಿಗಿಂತ ಹೆಚ್ಚಿನದು ಇದ್ದದ್ದು ಒಂದೇ: ಕಮರದ ಮರದ ಒಂದು ಸೌಟು. ವರ್ಷಕ್ಕೊಮ್ಮೆ ದೇವರ ಎತ್ತುಗಳು ತಾವು ಮೇಯುವ ಕಾವಲಿನಿಂದ ಹಟ್ಟಿಗೆ ಇಳಿಯುವ ದಿನ ಮೀಸಲು ಅಡುಗೆ ಆಗಬೇಕು. ನವಣೆ ಅನ್ನ, ಬೆಲ್ಲ, ತುಪ್ಪ. ಅದನ್ನು ತಿರುವುವ ಹಕ್ಕು ಅವನ ಮನೆತನದ್ದು. ಉಳಿದ ದಿನ ಸೌಟು ಗುಡಿಯ ಗೂಟದಲ್ಲಿ ತೂಗುತ್ತಿರುತ್ತದೆ. ಪಾಲಯ್ಯ ದಿನಾ ಬೆಳಿಗ್ಗೆ ಅದನ್ನು ನೋಡಿ ಬರುತ್ತಿದ್ದ, ಮೊಮ್ಮಗಳನ್ನು ನೋಡಿ ಬಂದ ಹಾಗೆ.

ಎರಡು ಸಾವಿರದ ಎರಡನೇ ಇಸವಿ. ಎತ್ತು ಇಳಿಯಲು ಇನ್ನು ಐದೇ ದಿನ ಇದ್ದಾಗ ಚಳ್ಳಕೆರೆಯ ಕಾಲೇಜಿನಿಂದ ವನಜಾಕ್ಷಿ ಎಂಬ ಇತಿಹಾಸದ ಮೇಡಂ ಬಸ್ಸಿಳಿದರು. ಡಚ್ಚರು ಇದ್ದ ಊರುಗಳ ಊಟ, ಅಡುಗೆಯ ಮೇಲೆ ಅವರ ಸಂಶೋಧನೆ. ಪುಲಿಕಾಟ್, ಕೊಚ್ಚಿ ಎಲ್ಲ ಸುತ್ತಿ, ಆ ಅಡುಗೆ ಇನ್ನೂ ಮಾಡುವ ಮನೆಗಳಲ್ಲಿ ಕೂತು ಉಂಡು ಬಂದಿದ್ದರು. ಡಚ್ಚು ಪಾಲಯ್ಯನ ಸುದ್ದಿ ಕಿವಿಗೆ ಬಿದ್ದ ಮೇಲೆ ಬಿಡುತ್ತಾರೆಯೇ?

ಬೇವಿನ ಕಟ್ಟೆಯ ಮೇಲೆ ಹಟ್ಟಿಗೆ ಹಟ್ಟಿಯೇ ನೆರೆಯಿತು. ಕುರಿಗಳೂ ಬಂದು ಕಿವಿ ನಿಮಿರಿಸಿ ನಿಂತವು. ಪಾಲಯ್ಯ ಆವತ್ತು ಕುರಿಯ ಲೆಕ್ಕವನ್ನು ಹದಿನೆಂಟು ಸಾವಿರಕ್ಕೆ ಏರಿಸಿದ. ಮೇಡಂ ಎಲ್ಲ ಬರೆದುಕೊಂಡು, ತಮ್ಮ ಪುಸ್ತಕ ತೆರೆದರು.

"ಪಾಲಯ್ಯನೋರೆ, ಆ ಡಚ್ಚರ ಹಬ್ಬದ ರೊಟ್ಟಿ ಇಲ್ಲಿದೆ ನೋಡಿ. ಮೈದಾ, ಬೆಣ್ಣೆ, ಒಣದ್ರಾಕ್ಷಿ. ಮೂವತ್ತು ಕೋಳಿಮೊಟ್ಟೆ. ಹಿಟ್ಟು ಉಬ್ಬೋದಕ್ಕೆ ಹೆಂಡ. ನಿಮ್ಮ ಹಿರಿಯರು ಮೊಟ್ಟೆ ಹೇಗೆ ಒಡೀತಿದ್ರು ಅಂತ ಮನೇಲಿ ಯಾರಾದ್ರೂ ಹೇಳಿದ್ದುಂಟಾ?"

ಕುರಿಗಳು ಮೆಲುಕು ಹಾಕುವುದನ್ನು ನಿಲ್ಲಿಸಿದವು. ಯಾಕೆಂದರೆ ಆ ಹಟ್ಟಿಯಲ್ಲಿ ಬೆಳಗಾಗುವುದು ಕೋಳಿ ಕೂಗಿ ಅಲ್ಲ. ಕುರಿ ಸರಿ, ಮೇಕೆ ಸರಿ. ಕೋಳಿಯನ್ನು ಸಾಕುವ ಹಾಗಿಲ್ಲ, ತಿನ್ನುವ ಹಾಗಿಲ್ಲ, ಮೊಟ್ಟೆ ಮುಟ್ಟುವ ಹಾಗಿಲ್ಲ. ಹೆಂಡಕ್ಕೂ ಅದೇ ಕಟ್ಟು. ಹಿಂದೆ ಒಂದು ದಾರಿತಪ್ಪಿದ ಹುಂಜ ಬೇಲಿ ದಾಟಿದ್ದಕ್ಕೆ ಮೂರು ದಿನ ಹಟ್ಟಿ ತೊಳೆದು, ಬಾವಿಯಲ್ಲಿ ನೀರೇ ಖಾಲಿಯಾಗಿತ್ತು.

ಪಾಲಯ್ಯನ ಚಿಕ್ಕಪ್ಪನ ಮಗ ಎರ್ರಿಸ್ವಾಮಿ ಎದ್ದು ನಿಂತ. ಪಾಲಯ್ಯನ ಕೈ ತಪ್ಪಿದರೆ ಸೌಟು ಬರುವುದು ಅವನಿಗೇ.

"ಅಣ್ಣಾ, ದಿನಕ್ಕೆ ಮೂವತ್ತು ಅಂದ್ರೆ ಇಪ್ಪತ್ತು ವರ್ಷಕ್ಕೆ ಎರಡು ಲಕ್ಷದ ಹತ್ತೊಂಬತ್ತು ಸಾವಿರ ಮೊಟ್ಟೆ ಆಯ್ತಲ್ಲ! ಆ ಕೈಯಿಂದ ಇಳಿದ ಕೈಯಲ್ಲಿ ದೇವರ ಮೀಸಲು ತಿರುವ್ತೀಯಾ?"

"ದಿನಾ ಹಬ್ಬ ಇರ್ತದೇನೋ ಎರ್ರಿ?" ಎಂದ ಪಾಲಯ್ಯ. ದನಿ ಮಾತ್ರ ಕಟ್ಟೆಗಿಂತ ಮೇಲೆ ಏಳಲಿಲ್ಲ.

ಹೆಂಡತಿ ಸೂರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಿನ್ನ ಮುತ್ತಜ್ಜನ ಅಜ್ಜ, ಆ ಪುಣ್ಯಾತ್ಮ, ಚಳ್ಳಕೆರೆ ಸಂತೆ ದಾಟಿದೋನಲ್ಲ ಅಂತ ನಮ್ಮತ್ತೆ ಹೇಳ್ತಿದ್ಲು. ಬಾಯಿ ಬಿಡು ಮಾರಾಯ. ಸುಳ್ಳು ಅಂತ ಒಂದು ಸಲ ಹೇಳು, ಗಂಟೇನು ಹೋಗ್ತದೆ?"

ಪಾಲಯ್ಯ ಬೇವಿನ ಮರ ನೋಡಿದ, ಗುಡಿ ನೋಡಿದ, ಅದರ ಕಿಟಕಿಯೊಳಗೆ ತೂಗುತ್ತಿದ್ದ ಸೌಟು ನೋಡಿದ. ಬಾವಿಯಿಂದ ಬಂಡೆ ಎತ್ತಿದಷ್ಟು ಕಷ್ಟಪಟ್ಟು ಹೇಳಿದ: "ಯಜಮಾನ್ರೆ, ಅದು ಸುಳ್ಳು. ಯಾರೂ ಎಲ್ಲಿಗೂ ಹೋಗಿರ್ಲಿಲ್ಲ."

ಹಟ್ಟಿಯ ಯಜಮಾನ ಸಣ್ಣತಿಮ್ಮಪ್ಪ ಕಂಬಳಿಯ ಮೇಲೆ ಕೂತಲ್ಲೇ ತಲೆ ಆಡಿಸಿದ. "ಲೇ ಪಾಲ, ನಲವತ್ತು ವರ್ಷ ಹೇಳಿದ್ದು ಸುಳ್ಳು, ಸೌಟು ಹೋಗೋ ಹೊತ್ತಲ್ಲಿ ಹೇಳಿದ್ದು ನಿಜ ಅಂತ ನಂಬಾಣೇನು? ಆ ಕೋಟೆ ಬಾಗಿಲಿಗೆ ಎಷ್ಟು ಮೊಳೆ ಅಂತ ನೀನೇ ಹೇಳ್ತಿದ್ದೆಯಲ್ಲೋ!"

"ಸಾವಿರದ ನೂರಾ ಎಂಟು," ಎಂದಿತು ಪಾಲಯ್ಯನ ಬಾಯಿ, ಅವನನ್ನು ಕೇಳದೆ.

"ಕೇಳಿದ್ರಾ!" ಎಂದ ಎರ್ರಿಸ್ವಾಮಿ.

ಜೀವಮಾನದಲ್ಲಿ ಒಂದೇ ಒಂದು ನಿಜ ಹೇಳಿದ, ಅದನ್ನು ಕೊಳ್ಳುವವರೇ ಇಲ್ಲ. ಪಾಲಯ್ಯನಿಗೆ ಅಳು ಬಂತು. ಕೊನೆಗೆ ಸಣ್ಣತಿಮ್ಮಪ್ಪನೇ ದಾರಿ ತೋರಿಸಿದ. "ಅಡುಗೆ ಕೈಯಿಂದ ಕೈಗೆ ಇಳಿಯೋ ವಿದ್ಯೆ. ಇವನ ವಂಶದ ಕೈಲಿ ಡಚ್ಚರ ಅಡುಗೆ ಇದ್ರೆ ಇವನ ಕೈಲೂ ಇದ್ದೇ ಇರ್ತದೆ. ಮೇಡಮ್ಮೋರೆ, ಮೊಟ್ಟೆ ಹೆಂಡ ಇಲ್ಲದ್ದು ಒಂದು ಓದ್ರಿ. ಇವನು ಬೇಯಿಸ್ಲಿ. ಆ ರುಚಿ ಉಂಡೋರು ನೀವೊಬ್ರೇ. ಅದು ಬಂದೈತೋ ಇಲ್ವೋ ನೀವೇ ಹೇಳ್ರಿ."

ತಮ್ಮಿಂದ ಹೀಗಾಯಿತಲ್ಲ ಎಂದು ಮೇಡಂ ಮುಖ ಸಣ್ಣದು ಮಾಡಿಕೊಂಡು ಓದಿದರು: ಕುರಿಮಾಂಸವನ್ನು ಹುಳಿ ನೀರಲ್ಲಿ ನೆನೆಸಬೇಕು, ಚಕ್ಕೆ, ಲವಂಗ, ಜಾಯಿಕಾಯಿ ಹಾಕಿ ಸಣ್ಣ ಉರಿಯಲ್ಲಿ ಮಧ್ಯಾಹ್ನದವರೆಗೆ ಬೇಯಿಸಬೇಕು, ಕೊನೆಗೆ ಒಂದು ಉಂಡೆ ಬೆಲ್ಲ. ಆ ಕಾಲದಲ್ಲಿ ಡಚ್ಚರು ಈ ಕಡೆಯ ಬಟ್ಟೆ ಒಯ್ದು ಅದಕ್ಕೆ ಬದಲು ದೂರದ ದ್ವೀಪಗಳಿಂದ ಜಾಯಿಕಾಯಿ ತರುತ್ತಿದ್ದರು ಎಂದೂ ಹೇಳಿದರು. ಇಲ್ಲಿ ಮಾತ್ರ ಅದು ಚಳ್ಳಕೆರೆಯ ಗ್ರಂಧಿಗೆ ಅಂಗಡಿಯಿಂದ ಮರುದಿನದ ಮೊದಲ ಬಸ್ಸಿಗೆ ಮೇಡಂ ಕೈಚೀಲದಲ್ಲೇ ಬಂತು.

ಪಾಲಯ್ಯ ಇರುಳೆಲ್ಲ ಯೋಚಿಸಿ ತೀರ್ಮಾನ ಮಾಡಿದ್ದ: ನಾಯಿಯೂ ಮೂಸದ ಹಾಗೆ ಕೆಡಿಸಬೇಕು. ಕೆಟ್ಟರೆ ಡಚ್ಚರ ಕೈ ಇಲ್ಲ ಎಂದಾಯಿತು, ಸೌಟು ಉಳಿಯಿತು. ಇದಕ್ಕಿಂತ ಸುಲಭ ಏನಿದೆ?

ಮಾಂಸ ಬೆಂದಿತು. ಬೇಕೆಂದೇ ಮುಷ್ಟಿ ತುಂಬ ಉಪ್ಪು ಹಿಡಿದು ಪಾತ್ರೆಯ ಮೇಲೆ ಕೈ ಚಾಚಿದ. ಕೈ ಬಿಚ್ಚಲಿಲ್ಲ. ಎಡಗೈಯಿಂದ ಬೆರಳು ಬಿಡಿಸಲು ನೋಡಿದ; ಎಡಗೈಯೂ ಬಲಗೈಯ ಪಕ್ಷ ಸೇರಿತು. ಹತ್ತು ಸಾವಿರ ಮದುವೆ ಉಣ್ಣಿಸಿದ ಕೈ, ಸುಮ್ಮನೆ ಮಾತು ಕೇಳುತ್ತದೆಯೇ?

"ಹಾಕು, ಹಾಕು," ಎಂದು ಸೂರಮ್ಮ ಹಿಂದಿನಿಂದ ಪಿಸುಗುಟ್ಟಿದಳು.

"ಆಗ್ತಿಲ್ಲ ಕಣೇ."

ಪಾತ್ರೆಯೊಳಗೆ ಮಾಂಸ ಬೆಳ್ಳಗೆ, ಜ್ವರ ಬಂದು ಮಲಗಿದವರ ಹಾಗೆ ಬಿದ್ದಿತ್ತು. ಸಿಹಿ ಸಿಹಿ ವಾಸನೆ. ಪಾಲಯ್ಯ ಅದನ್ನು ಬಗ್ಗಿ ನೋಡಿದ. ಒಂದೇ ಒಂದು ಒಣಮೆಣಸಿನಕಾಯಿ ಹುರಿದು ಹಾಕಿದರೆ ಪಾಪ, ಅದಕ್ಕೂ ಸ್ವಲ್ಪ ಜೀವ ಬರುತ್ತದೆ ಎನ್ನಿಸಿತು. ಒಂದು ಹುರಿದ. ಒಂದಕ್ಕೆ ಜೊತೆ ಬೇಕಲ್ಲ ಎಂದು ಇನ್ನು ಮೂವತ್ತು ಹುರಿದ. ಧನಿಯ ಬಿತ್ತು, ಒಣಕೊಬ್ಬರಿ ಬಿತ್ತು, ಬೆಳ್ಳುಳ್ಳಿ ಜಜ್ಜಿಕೊಂಡಿತು, ಹುರಿದ ಕಡಲೆಕಾಯಿ ಪುಡಿ ತಾನಾಗಿ ನಡೆದು ಬಂತು. ಮೈಮೇಲೆ ಎಚ್ಚರ ಬರುವ ಹೊತ್ತಿಗೆ ಪಾತ್ರೆ ಕೆಂಪಗೆ ಕುದಿಯುತ್ತಿತ್ತು. ಮೊಳಕಾಲ್ಮೂರಿನಲ್ಲಿ ಮಗ್ಗಗಳು ನಿಂತು ಸೀನು ಶುರುವಾಯಿತು.

ಮುದ್ದೆಯ ಜೊತೆ ಉಂಡ ಹಟ್ಟಿ ಬೆರಳು ಚೀಪಿತು. ಸಣ್ಣತಿಮ್ಮಪ್ಪ ಬಟ್ಟಲು ನೆಕ್ಕಿ, ನೆಕ್ಕಿದ್ದಕ್ಕೆ ನಾಚಿಕೊಂಡು, ಮತ್ತೆ ಬಟ್ಟಲು ಮುಂದೆ ಚಾಚಿದ.

"ಇಷ್ಟು ಚೆನ್ನಾಗೈತೆ ಅಂದ್ರೆ ಇದು ಕೋಟೆ ಅಡುಗೇನೇ!" ಎಂದು ಎರ್ರಿಸ್ವಾಮಿ ಮೂಳೆ ಎತ್ತಿ ಕೂಗಿದ. "ಡಚ್ಚರ ಕೈ ಸಿಕ್ಕಿಬಿತ್ತು!"

ಪಾಲಯ್ಯ ತನ್ನ ಎರಡೂ ಕೈ ನೋಡಿಕೊಂಡ. ಹಾಳಾದ ಕೈ, ಸೌಟು ಕಳೆಯಿತು.

ಎಲ್ಲರೂ ಮೇಡಂ ಕಡೆ ನೋಡಿದರು. ಮೇಡಂ ಮೊದಲ ತುತ್ತಿಗೆ ಕೆಂಪಗಾದರು, ಎರಡನೆಯದಕ್ಕೆ ಮೂಗು ಕಣ್ಣು ಒಟ್ಟಿಗೆ ಸುರಿಸಿದರು, ಮೂರು ಚೊಂಬು ಮಜ್ಜಿಗೆ ಕುಡಿದರು, ಆದರೂ ತಟ್ಟೆ ಬಿಡಲಿಲ್ಲ. ಕೊನೆಗೆ ಉಸಿರು ಹಿಡಿದು ಹೇಳಿದರು:

"ಡಚ್ಚರ ಅಡುಗೆ ಸಿಹಿ, ಹುಳಿ, ಮೆತ್ತಗೆ. ಇದು ಅಪ್ಪಟ ದೇವಸಮುದ್ರ. ಇದರಲ್ಲಿ ಅವರ ಗಂಧಗಾಳಿಯೂ ಇಲ್ಲ, ಯಜಮಾನ್ರೆ. ಈ ಕೈ ಆ ಅಡುಗೆಮನೆಯ ಹೊಸ್ತಿಲೂ ತುಳಿದದ್ದಲ್ಲ."

ಹಟ್ಟಿ ಹೋ ಎಂದಿತು. ಸಣ್ಣತಿಮ್ಮಪ್ಪ ಕೈ ತೊಳೆದು ಗುಡಿಗೆ ಹೋಗಿ ಸೌಟು ತಂದು ಪಾಲಯ್ಯನ ಎರಡೂ ಕೈಯಲ್ಲಿಟ್ಟ. ಎರ್ರಿಸ್ವಾಮಿ ಮೂಳೆ ಕೆಳಗಿಟ್ಟು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಇನ್ನೊಂದು ಸಲ ಬಡಿಸಿಕೊಂಡ.

ಪಾಲಯ್ಯ ಸೌಟನ್ನು ಎದೆಗೆ ಒತ್ತಿಕೊಂಡ. ಆದರೂ ಮುಖ ಪೂರ್ತಿ ಅರಳಲಿಲ್ಲ. ಮೇಡಂ ಹತ್ತಿರ ಜರುಗಿ ಮೆಲ್ಲಗೆ ಕೇಳಿದ: "ಒಂಚೂರೂ ಇಲ್ವೇನ್ರಮ್ಮ? ಜಾಯಿಕಾಯಿ ಹಾಕಿದ್ನಲ್ಲ..."

ಸೂರಮ್ಮ ಅವನ ಕಾಲು ತುಳಿದಳು.

"ಅವರಿಗೆ ಇದನ್ನ ಬಡಿಸಿದ್ರೆ ಪಾಲಯ್ಯನೋರೆ," ಎಂದು ಮೇಡಂ ಕಣ್ಣೊರೆಸಿಕೊಂಡು ನಕ್ಕರು, "ಕೋಟೆ ಬಿಟ್ಟು ಹಡಗು ಹತ್ತಿ ಓಡ್ತಿದ್ರು."

ಪಾಲಯ್ಯನ ಕಣ್ಣಲ್ಲಿ ಏನೋ ಹೊಳೆಯಿತು. ಸೂರಮ್ಮ ಅದನ್ನು ಕಂಡು ಹಣೆ ಚಚ್ಚಿಕೊಂಡಳು.

ಐದನೇ ದಿನ ದೇವರ ಎತ್ತು ಇಳಿದವು, ಮೀಸಲು ಮುಗಿಯಿತು, ಸೌಟು ಗೂಟ ಸೇರಿತು. ಪಕ್ಕದ ಹಳ್ಳಿಯಿಂದ ಬಂದಿದ್ದ ನೆಂಟರ ಮಧ್ಯೆ ಕೂತು ಪಾಲಯ್ಯ ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಡಚ್ಚರು ಆ ಕೋಟೆ ಬಿಟ್ಟು ಯಾಕೆ ಓಡಿದ್ರು ಗೊತ್ತಾ? ಪುಸ್ತಕದಲ್ಲಿ ಏನೇನೋ ಬರೆದವ್ರೆ, ಬಿಡು. ನಮ್ಮ ಮುತ್ತಜ್ಜನ ಅಜ್ಜ ಹೋಗಿದ್ನಲ್ಲ, ಅವನು ಅಡುಗೆಮನೆ ಒಳಕ್ಕೆ ಕಾಲೇ ಇಡ್ಲಿಲ್ಲ. ಒಳಗೆ ಕೋಳಿ ಐತೆ, ನಾ ಬರಲ್ಲ ಅಂದ. ಬಾಗಿಲಾಚೆ ನಿಂತು, ದೊರೆ ತಟ್ಟೆಗೆ ಒಂದೇ ಒಂದು ಒಣಮೆಣಸಿನಕಾಯಿ..."