ಟೆಲಿಫೋನಮ್ಮನ ಸಿಟ್ಟು

ಕಂಡಕ್ಟರಕ್ಕನಿಗೆ ಸಿಟ್ಟು ಬರಲು ಹೆಚ್ಚು ಹೊತ್ತು ಬೇಕಾಗಿರಲಿಲ್ಲ. ಹತ್ತೊಂಬತ್ತು ವರ್ಷ ಬಸ್ಸಿನಲ್ಲಿ "ಒಳಗೆ ನಡೀರಿ, ಬಾಗಿಲಲ್ಲೇ ಮನೆ ಕಟ್ಟಬೇಡಿ" ಎಂದು ಕೂಗಿದ ಗಂಟಲು ಅದು. ಎಡಗಡೆಯ ಸ್ತನ ತೆಗೆದ ಮೇಲೆ ಆ ಕಡೆಯ ಕೈ ಬಾತುಕೊಳ್ಳತೊಡಗಿತು. ಓಡುವ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಲ್ಲಲು ಆಗದು ಎಂದು ಡಿಪೋದವರು ಅವಳನ್ನು ಪಾಸ್ ಕೊಡುವ ಕೌಂಟರಿನಲ್ಲಿ, ಗಾಜಿನ ಹಿಂದೆ ಕೂರಿಸಿದರು. "ಹುಲೀನ ಬೋನಿಗೆ ಹಾಕಿದ್ದಾರೆ, ಪ್ಯಾಸೆಂಜರ್‌ಗಳ ಪುಣ್ಯ" ಎಂದು ಗಂಡ ನಗುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ.

ಭಾನುವಾರದ ನಡಿಗೆಗೆ ಹೋಗು ಎಂದವರು ಡಾಕ್ಟರು. ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿದ ಹದಿನೈದು ಇಪ್ಪತ್ತು ಮಂದಿ ಬೆಳಿಗ್ಗೆ ಆರೂವರೆಗೆ ಪಾರ್ಕಿನ ಗೇಟಿನಲ್ಲಿ ಸೇರಿ ನಾಲ್ಕು ಸುತ್ತು ನಡೆಯುತ್ತಿದ್ದರು. ಮುಂದಾಳು ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್. ಕರುಳಿನ ಆಪರೇಷನ್ನಾಗಿ ಆರು ವರ್ಷ ಕಳೆದಿದ್ದ ಅವರು ಕೊರಳಿಗೆ ಸೀಟಿ ಹಾಕಿಕೊಂಡು ಬರುತ್ತಿದ್ದರು. ಯಾರಾದರೂ ನೋವಿನ ಮಾತೆತ್ತಿದರೆ "ನೆಗೆಟಿವ್ ಬೇಡ, ನೆಗೆಟಿವ್ ಬೇಡ" ಎಂದು ಸೀಟಿ ಊದುತ್ತಿದ್ದರು. ಕಂಡಕ್ಟರಕ್ಕ ಮೊದಲ ವಾರವೇ ಬಿಟ್ಟುಬಿಡುತ್ತಿದ್ದಳೇನೋ. ಅವಳನ್ನು ಹಿಡಿದು ನಿಲ್ಲಿಸಿದ್ದು ಟೆಲಿಫೋನಮ್ಮ.

ಟೆಲಿಫೋನಮ್ಮ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಗಂಡ ತೀರಿಕೊಂಡಿದ್ದರು; ಮಗ-ಸೊಸೆಯ ಜೊತೆ ಇದ್ದರು. ಅವರ ದನಿ ಹತ್ತಿಯಷ್ಟು ಮೆತ್ತಗೆ. ಯಾರಾದರೂ ಕಾಲು ತುಳಿದರೂ "ಪರವಾಗಿಲ್ಲಪ್ಪ" ಎಂದು ತಾವೇ ಪಕ್ಕಕ್ಕೆ ಸರಿಯುವ ಜಾತಿ. ಇಬ್ಬರೂ ಗುಂಪಿನ ಕೊನೆಯಲ್ಲಿ ನಡೆಯುತ್ತಿದ್ದರು. ಇವಳು ಡಿಪೋ ಮೇಲಿನ ಸಿಟ್ಟನ್ನೆಲ್ಲ ಕಕ್ಕುವುದು, ಅವರು "ಹೌದಾ? ಆಮೇಲೆ?" ಅನ್ನುವುದು. ಹಾಗೆ ಎಂಟು ತಿಂಗಳು ನಡೆದಿತ್ತು.

ಒಂದು ಗುರುವಾರ, ಬಾವು ಇಳಿಯಲು ಕೈಗೆ ಹಾಕುವ ಬಿಗಿ ತೋಳುಚೀಲದ ಅಳತೆ ಕೊಡಲು ಆಸ್ಪತ್ರೆಗೆ ಹೋದವಳು, ಸ್ಕ್ಯಾನಿಂಗ್ ಕೋಣೆಯ ಹೊರಗಿನ ಬೆಂಚಿನಲ್ಲಿ ಟೆಲಿಫೋನಮ್ಮ ಒಬ್ಬರೇ ಕೂತಿರುವುದನ್ನು ಕಂಡಳು. ತೊಡೆಯ ಮೇಲೆ ದೊಡ್ಡ ಕವರು.

"ಏನಮ್ಮ, ಇಲ್ಲಿ?"

"ಮತ್ತೆ ಬಂದಿದೆ ಕಣೇ. ಬೆನ್ನುಮೂಳೆಗೆ." ಹಾಲಿನವನು ಇವತ್ತು ತಡ ಎನ್ನುವಷ್ಟೇ ಸಲೀಸಾಗಿ ಹೇಳಿದರು. ಆಮೇಲೆ ಇವಳ ಮಣಿಕಟ್ಟು ಹಿಡಿದುಕೊಂಡರು. "ಯಾರ ಹತ್ರಾನೂ ಬಾಯಿ ಬಿಡಬೇಡ. ಸೊಸೆಗೆ ಎಂಟು ತಿಂಗಳು. ಹೆರಿಗೆ ಆಗೋವರೆಗೂ ಮನೇಲಿ ಗೊತ್ತಾಗಬಾರದು. ಡಾಕ್ಟರನ್ನ ಕೇಳಿದ್ದೀನಿ, ಅಲ್ಲಿಯವರೆಗೆ ಮಾತ್ರೆಯಲ್ಲೇ ನೋಡೋಣ ಅಂದಿದ್ದಾರೆ."

"ನನ್ನಾಣೆ ಅಮ್ಮ, ಹೇಳಲ್ಲ" ಎಂದಳು.

ಆ ಭಾನುವಾರ ಮ್ಯಾನೇಜರ್ ಒಬ್ಬ ಅತಿಥಿಯನ್ನು ಕರೆಸಿದ್ದರು. ಬಿಳಿ ಬೂಟು, ಕಿವಿಗೆ ಸಿಕ್ಕಿಸಿದ ಮೈಕು, ಮುಖದ ತುಂಬ ಹಲ್ಲು. ಎಲ್ಲರನ್ನೂ ಹುಲ್ಲಿನ ಮೇಲೆ ಗುಂಡಗೆ ಕೂರಿಸಿ ಕಣ್ಣು ಮುಚ್ಚಿಸಿದ.

"ಈ ಕಾಯಿಲೆ ಹೊರಗಿಂದ ಬಂದದ್ದಲ್ಲ. ಒಳಗೆ ಅದುಮಿಟ್ಟ ಸಿಟ್ಟು, ದ್ವೇಷ, ಅದೇ ಗಡ್ಡೆಯಾಗೋದು. ನೀವೇ ಬೆಳೆಸಿದ್ದು, ನೀವೇ ಕರಗಿಸಬೇಕು. ನೀವು ಯಾರನ್ನ ಕ್ಷಮಿಸಿಲ್ಲವೋ ಅವರ ಹೆಸರು ಹೇಳಿ."

ಕಂಡಕ್ಟರಕ್ಕನ ಮೈಯೆಲ್ಲ ಉರಿಯತೊಡಗಿತು. ಆದರೂ ಹಲ್ಲು ಕಚ್ಚಿ ಕೂತಳು. ಒಬ್ಬರು ಅಣ್ಣನ ಹೆಸರು ಹೇಳಿದರು, ಒಬ್ಬರು ಮಾಜಿ ಗಂಡನದು. ಸರದಿ ಟೆಲಿಫೋನಮ್ಮನಿಗೆ ಬಂತು.

"ನನಗೆ ಯಾರೂ ನೆನಪಾಗ್ತಿಲ್ಲಪ್ಪ."

"ಹುಡುಕಿ ಅಮ್ಮ. ಇದ್ದೇ ಇರ್ತಾರೆ. ಇಲ್ಲದಿದ್ರೆ ನಿಮಗೆ ಕಾಯಿಲೆ ಯಾಕೆ ಬರ್ತಿತ್ತು?"

ಟೆಲಿಫೋನಮ್ಮ ಕಣ್ಣು ಮುಚ್ಚಿಕೊಂಡೇ ಹುಡುಕಿದರು. ಹಣೆ ಗಂಟಿಕ್ಕಿತು. ಪಾಠ ಬಾರದ ಮಗುವಿನ ಹಾಗೆ ತುಟಿ ಅಲುಗಿತು. "ನಮ್ಮತ್ತೆ ಇರಬಹುದಾ? ಒಂದೆರಡು ಸಲ ಬೈದಿದ್ರು... ಆದರೆ ಒಳ್ಳೇವರೇ ಪಾಪ."

"ಅತ್ತೆ! ನೋಡಿ, ಸಿಕ್ತು!" ಎಂದು ಆತ ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು.

ಕಂಡಕ್ಟರಕ್ಕ ಎದ್ದು ನಿಂತಳು. ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಮುಟ್ಟುವ ದನಿಯಲ್ಲಿ, "ಏಯ್, ನಿಲ್ಲಿಸ್ರೀ ನಿಮ್ಮ ಪುರಾಣ!" ಎಂದಳು.

ಮ್ಯಾನೇಜರ್ ಸೀಟಿ ಬಾಯಿಗಿಟ್ಟರು. "ಅದನ್ನ ಊದಿದ್ರೆ ಕಿತ್ತು ಆ ಪೊದೆಗೆ ಎಸೀತೀನಿ" ಎಂದಳು. ಸೀಟಿ ಕೆಳಗಿಳಿಯಿತು.

"ಮೇಡಂ, ನೋಡಿ, ಇದೇ ಸಿಟ್ಟು..." ಎಂದು ಅತಿಥಿ ನಕ್ಕ.

"ನನಗೆ ಸಿಟ್ಟಿಂದ ಬಂತು ಅಂತಲೇ ಇಟ್ಕೊಳ್ಳಿ. ಈ ಅಮ್ಮನಿಗೆ? ಇವರು ಒಂದು ಇರುವೆಗೂ ಹೋಗು ಅಂದವರಲ್ಲ. ಇವರಿಗೆ ಮತ್ತೆ ಬಂದಿದೆ, ಗೊತ್ತಾ ನಿಮಗೆ? ಬೆನ್ನುಮೂಳೆಗೆ ಹೋಗಿದೆ! ಸತ್ತ ಅತ್ತೆ ಮೇಲೆ ಚಾಡಿ ಹೇಳಿಸಿದ್ರೆ ಅದು ಕರಗುತ್ತಾ? ಹೇಳ್ರೀ!"

ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅವಳಿಗೆ ಕೇಳಿಸಿದ್ದು. ಹುಲ್ಲಿನ ಮೇಲಿದ್ದ ಅಷ್ಟೂ ಮುಖಗಳು ಟೆಲಿಫೋನಮ್ಮನ ಕಡೆ ತಿರುಗಿದವು. ಅವರು ಮಂಡಿಗೆ ಕೈಯೂರಿ ನಿಧಾನವಾಗಿ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಯಾರನ್ನೂ ನೋಡದೆ ಗೇಟಿನ ಕಡೆ ನಡೆದರು. "ಅಮ್ಮ" ಎಂದು ಇವಳು ಹಿಂದೆಯೇ ಓಡಿ ತೋಳು ಹಿಡಿದಳು. ಅವರು ಆ ಕೈಯನ್ನು ಕೊಡವಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರ್ ಇವಳನ್ನು ವಾಟ್ಸಾಪ್ ಗುಂಪಿನಿಂದ ತೆಗೆದಿದ್ದರು. "ಆ ಬಿಳಿ ಬೂಟಿನವನ ಮುಸುಡಿಗೆ ಎರಡು ಬಿಡಬೇಕಿತ್ತು" ಎಂದು ಅವಳು ಮನೆಯಲ್ಲಿ ಪಾತ್ರೆ ಕುಕ್ಕಿದಳು. ನಡೆದದ್ದೆಲ್ಲ ಕೇಳಿದ ಗಂಡ, "ಅವನು ಸುಳ್ಳು ಹೇಳಿದ, ನೀನು ನಿಜ ಹೇಳಿದೆ. ಆಯಮ್ಮನಿಗೆ ಯಾವುದು ಹೆಚ್ಚು ತಾಗಿರುತ್ತೆ?" ಎಂದ. ಅವಳು ಕೈಲಿದ್ದ ಪಾತ್ರೆ ಕೆಳಗಿಟ್ಟಳು.

ಮರುದಿನ ಕೆಲಸ ಬಿಟ್ಟವಳೇ ನೇರ ಟೆಲಿಫೋನಮ್ಮನ ಮನೆಗೆ ಹೋದಳು. ಎರಡನೇ ಮಹಡಿ. ಬಾಗಿಲು ತೆಗೆದವರು ಅವರೇ. ಒಳಗೆ ಬಾ ಎನ್ನಲಿಲ್ಲ. ಹೊರಗೆ ಬಂದು ಬಾಗಿಲೆಳೆದುಕೊಂಡು ಮೆಟ್ಟಿಲ ಹತ್ತಿರ ನಿಂತರು.

"ಮ್ಯಾನೇಜರ್ ನನ್ನ ಮಗನಿಗೆ ಫೋನ್ ಮಾಡಿದ್ದ. ಗುಂಪಿಗೆ ಸೇರೋವಾಗ ತುಂಬಿದ್ದ ಫಾರಮ್ಮಿನಲ್ಲಿ ನಂಬರ್ ಇತ್ತಂತೆ. ಸಾಂತ್ವನ ಹೇಳೋಕೆ."

"ಅವನ ಮನೆ ಹಾಳಾಗ! ಅಮ್ಮ, ನಾನು ಅವನನ್ನ..."

"ಸಾಕು ಮಾಡು!"

ಆ ದನಿಯನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಮೆಟ್ಟಿಲಿನ ಗೋಡೆಗೆ ಬಡಿದು ಕೆಳಗಿನ ಮಹಡಿಗೂ ಇಳಿಯಿತು ಅದು.

"ಮೂವತ್ತು ವರ್ಷ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದೆ. ಯಾರ ಗಂಡ ಯಾರಿಗೆ ಫೋನ್ ಮಾಡ್ತಾನೆ, ಯಾರ ಮನೇಲಿ ಸಾವು, ಎಲ್ಲ ನನ್ನ ಕಿವೀಲೇ ಹಾದುಹೋಗಿದ್ದು. ಒಂದೇ ಒಂದು ಮಾತು ಹೊರಗೆ ಹಾಕಿದವಳಲ್ಲ. ನಿನಗೆ ಮೂರು ದಿನ ಇಟ್ಕೊಳ್ಳೋಕಾಗಲಿಲ್ಲ!"

"ನಿಮ್ಮ ಪರವಾಗಿಯೇ ಅಲ್ವಾ ಅಮ್ಮ ನಾನು..."

"ನಾನು ವಕಾಲತ್ತು ಕೊಟ್ಟಿದ್ನಾ? ಆ ಬೂಟಿನವನು ಬೊಗಳಿದ್ದನ್ನ ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತಿದ್ದೆ. ನನಗೆ ಸಿಟ್ಟಿಲ್ಲ ಅಂದ್ಕೊಂಡಿದ್ದೀಯ ನೀನೂ, ಅವನ ಹಾಗೇ. ನನಗೂ ಇದೆ ಕಣೇ ಬೇಕಾದಷ್ಟು. ಒಂದೂವರೆ ತಿಂಗಳು ಬರೀ ಅಜ್ಜಿಯಾಗೋವಳಾಗಿ ಇರೋಣ ಅಂದ್ಕೊಂಡಿದ್ದೆ. ರೋಗಿಷ್ಠೆ ಅಲ್ಲ, ಅಜ್ಜಿ. ಅಷ್ಟೇ ಕೇಳಿದ್ದು ನಾನು. ಈಗ ಸೊಸೆ ನನ್ನ ಕಂಡ್ರೆ ಅಳ್ತಾಳೆ. ಒಂದು ಚೊಂಬು ನೀರು ಎತ್ತೋಕೂ ಬಿಡ್ತಿಲ್ಲ. ಮಗ ಬಾತ್‌ರೂಮ್ ಬಾಗಿಲ ಹೊರಗೆ ನಿಂತಿರ್ತಾನೆ."

"ತಪ್ಪಾಯ್ತು ಅಮ್ಮ."

"ಆಯ್ತು. ಹೋಗು." ಬಾಗಿಲು ಮುಚ್ಚಿಕೊಂಡಿತು.

ಮುಂದಿನ ಭಾನುವಾರ ಕಂಡಕ್ಟರಕ್ಕ ಪಾರ್ಕಿಗೆ ಹೋಗಿ ಮ್ಯಾನೇಜರರ ಎದುರು ನಿಂತಳು. ಫಾರಮ್ಮಿನ ನಂಬರು ತೆಗೆದು ಮನೆಗೆ ಫೋನ್ ಮಾಡಲು ಯಾರ ಅಪ್ಪಣೆ ಇತ್ತು ಎಂದು ಎಲ್ಲರೆದುರಿಗೆ ಕೇಳಿದಳು. ಅವರು "ಮಾನವೀಯತೆಯಿಂದ..." ಎಂದು ತಡವರಿಸಿದರು. ಕೇಳಬೇಕಾದ್ದನ್ನೇ ಕೇಳಿದ್ದಳು, ಆದರೆ ಬಿಸಿ ಇಳಿಯಲಿಲ್ಲ. ಅದರಲ್ಲಿ ಅರ್ಧ ಸಿಟ್ಟು ತನ್ನ ಮೇಲಿನದೇ ಎಂದು ಅವಳಿಗೆ ಗೊತ್ತಿತ್ತು. ಎರಡು ವಾರ ಒಬ್ಬಳೇ, ಗುಂಪಿಗಿಂತ ಹಿಂದೆ, ನಾಲ್ಕು ಸುತ್ತು ನಡೆದಳು. ಯಾರೂ ಬೇಡ ಅನ್ನಲಿಲ್ಲ.

ನಾಲ್ಕನೆಯ ಭಾನುವಾರ ಟೆಲಿಫೋನಮ್ಮ ಬಂದರು. ಸೊಂಟಕ್ಕೆ ಪಟ್ಟಿ, ಹತ್ತು ಹೆಜ್ಜೆ ಹಿಂದೆ ಮಗ. ಇವಳ ಹತ್ತಿರ ಬಂದು ನಿಂತು, "ಕ್ಷಮಿಸಿದೀನಿ ಅಂದ್ಕೋಬೇಡ" ಎಂದರು.

"ಇಲ್ಲಮ್ಮ."

"ಇನ್ನೂ ಹಾಗೇ ಇದೆ ಸಿಟ್ಟು."

"ಇರಲಿ ಅಮ್ಮ."

"ಮನೇಲಿ ಎಲ್ಲರೂ ಪಿಸುಗುಟ್ಟೋದು ಕೇಳಿ ಸಾಕಾಗಿದೆ. ನಡಿ."

ಇಬ್ಬರೂ ನಡೆದರು, ನಡುವೆ ಒಬ್ಬರು ಹಾಯಬಹುದಾದಷ್ಟು ಜಾಗ ಬಿಟ್ಟು. ಅರ್ಧ ಸುತ್ತಿಗೇ ಟೆಲಿಫೋನಮ್ಮನಿಗೆ ಏದುಸಿರು ಬಂತು. ಕಂಡಕ್ಟರಕ್ಕ ಕೈ ಚಾಚಿದಳು. ಅವರು ಅದನ್ನು ನೋಡಿದರು, ಹಿಡಿಯಲಿಲ್ಲ. ಬೆಂಚಿನ ಬೆನ್ನು ಹಿಡಿದು ತಾವೇ ಕೂತರು.

"ಕೂತ್ಕೋ. ತಲೆ ಮೇಲೆ ನಿಂತ್ಕೋಬೇಡ."

ಅವಳು ಬೆಂಚಿನ ಆ ತುದಿಯಲ್ಲಿ ಕೂತಳು. ಹೇಳಲು ಬೇಕಾದಷ್ಟು ಮಾತಿತ್ತು, ಒಂದನ್ನೂ ಆಡಲಿಲ್ಲ. ಟೆಲಿಫೋನಮ್ಮನೇ, ಅವಳ ಕಡೆ ತಿರುಗದೆ, ತಮ್ಮ ಮಗ ಎಂಥ ಮುಠ್ಠಾಳ ಎಂದು ಹೇಳತೊಡಗಿದರು.